ಅದೇ ಹೆಸರು, ಅದೇ ಡಬ್ಬಿ

ಸುಭದ್ರಾಳ ಕಿವಿಯೊಳಗೆ ಸದಾ ಒಂದು ಸದ್ದು. ಕುಕ್ಕರ್ ಕೂಗುವುದಕ್ಕೆ ಮುಂಚೆ ಸಣ್ಣಗೆ ಸುಯ್ಯೆನ್ನುತ್ತದಲ್ಲ, ಅಂಥದ್ದು. ಮೂರು ವರ್ಷದ ಹಿಂದೆ ಬಂದ ಜ್ವರ ತಾನು ಹೋಗುವಾಗ ಇದನ್ನು ಬಿಟ್ಟುಹೋಗಿತ್ತು. ಮನೆಯಲ್ಲಾಗಲಿ ರಸ್ತೆಯಲ್ಲಾಗಲಿ ಅದರಿಂದ ಅಂಥ ತೊಂದರೆಯೇನೂ ಇರಲಿಲ್ಲ. ಅಹಮದಾಬಾದಿನ ಹಾರ್ನುಗಳ ಮುಂದೆ ಯಾವ ಕಾಯಿಲೆಯ ಸದ್ದು ತಾನೇ ನಿಂತೀತು? ತೊಂದರೆಯೆಲ್ಲ ಕೆಲಸದ ಜಾಗದಲ್ಲಿ.

ಅವಳಿದ್ದದ್ದು ಕೇಂದ್ರ ಸರ್ಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿ. ಆಂಟೆನಾಗಳ ಪರೀಕ್ಷೆ ಅವಳ ಕೆಲಸ. ಅದಕ್ಕೊಂದು ಕಿಟಕಿಯಿಲ್ಲದ ಕೋಣೆ. ಗೋಡೆ, ಚಾವಣಿಗಳ ತುಂಬ ನೀಲಿ ಸ್ಪಂಜಿನ ಗೋಪುರಗಳು. ಹೊರಗಿನ ಒಂದು ರೇಡಿಯೋ ಅಲೆಯೂ ಒಳಗೆ ಬರಬಾರದೆಂದು ಮಾಡಿದ ವ್ಯವಸ್ಥೆ, ಜೊತೆಗೆ ಮನುಷ್ಯರ ಸದ್ದನ್ನೂ ನುಂಗಿಬಿಡುತ್ತಿತ್ತು. ಆ ಮೌನದಲ್ಲಿ ಹತ್ತು ನಿಮಿಷ ಒಬ್ಬಳೇ ನಿಂತರೆ ಕಿವಿಯ ಸುಯ್ಯೆನ್ನುವುದು ಚೀರಾಟವಾಗುತ್ತಿತ್ತು. ಎರಡು ಸಲ ಅವಳು ಸ್ಕ್ರೂಡ್ರೈವರ್ ಕೈಯಲ್ಲಿ ಹಿಡಿದೇ ಹೊರಗೆ ಓಡಿ ಬಂದಿದ್ದಳು. ಸಣ್ಣಗೆ ಏನಾದರೂ ಸಂಗೀತ ಕೇಳುತ್ತಿರಿ, ಬೇರೆ ಮದ್ದಿಲ್ಲ ಎಂದರು ಡಾಕ್ಟರು.

ಹೇಳಿದಷ್ಟು ಸುಲಭವೇ? ಆ ಸಂಸ್ಥೆಯೊಳಕ್ಕೆ ಫೋನ್ ಹೋಗುವಂತಿಲ್ಲ. ಗೇಟಿನ ಲಾಕರಿನಲ್ಲಿಟ್ಟು ಬೀಗ ಹಾಕಿ ಹೋಗಬೇಕು. ನಾಲ್ಕು ತಿಂಗಳು ಫೈಲು ಓಡಾಡಿದ ಮೇಲೆ ಅವಳಿಗೊಂದು ಅನುಮತಿ ಸಿಕ್ಕಿತು. ಒಂದು ಸಣ್ಣ ಮ್ಯೂಸಿಕ್ ಪ್ಲೇಯರ್ ಒಯ್ಯಬಹುದು, ಆದರೆ ಅದರಲ್ಲಿ ಕ್ಯಾಮೆರಾ ಇರಬಾರದು, ಮೈಕ್ ಇರಬಾರದು, ವೈರ್‌ಲೆಸ್ ಇರಬಾರದು. ಈ ಮೂರೂ ಇಲ್ಲದ್ದು ಆ ಕಾಲಕ್ಕೆ ಮಾರುಕಟ್ಟೆಯಲ್ಲಿದ್ದದ್ದು ಒಂದೇ: 'ಚಿರ್ಪಿ ಕ್ಲಿಪ್'. ಬೆಂಕಿಪೊಟ್ಟಣದಷ್ಟು ಗಾತ್ರ, ಮೂರು ಗುಂಡಿ, ಒಂದು ವೈರು. ಆ ಹೆಸರೇ ಅವಳ ಪಾಸಿನ ಹಿಂಬದಿಯಲ್ಲಿ ಸೀಲು ಹೊತ್ತು ಕೂತಿತು.

ಕಳೆದ ಫೆಬ್ರವರಿಯಲ್ಲಿ ಅದರ ಬ್ಯಾಟರಿ ಉಬ್ಬಿ ಸತ್ತಿತು. ಹೊಸದು ಕೊಳ್ಳೋಣವೆಂದರೆ ಕಂಪನಿ ತನ್ನ ಮಾದರಿಗಳನ್ನೆಲ್ಲ ಬದಲಾಯಿಸಿಬಿಟ್ಟಿತ್ತು. ಸಣ್ಣವೆಲ್ಲ ಬಂದ್; ಬಂದದ್ದೆಲ್ಲ ದೊಡ್ಡ ಪರದೆಯವು, ಕ್ಯಾಮೆರಾದವು, ಮಾತಾಡಿದರೆ ಉತ್ತರ ಕೊಡುವಂಥವು. 'ನೀವು ಕೇಳಿದಿರಿ, ನಾವು ಕೊಟ್ಟೆವು' ಎಂದು ಜಾಹೀರಾತು ಬೇರೆ. ಕೇಳಿದವರು ಯಾರೋ, ದೇವರಿಗೇ ಗೊತ್ತು. ಇಂಟರ್ನೆಟ್ಟಿನಲ್ಲಿ ಜನ ಬಾಯಿಗೆ ಬಂದಂತೆ ಬೈದಿದ್ದರು. ಸುಭದ್ರಾ ಬೈಯುವ ಪೈಕಿಯಲ್ಲ. ಕಂಪನಿಗೆ ಎರಡು ಪುಟದ ಇ-ಮೇಲ್ ಬರೆದಳು. ನಮ್ಮ ಕುಟುಂಬದ ಸದಸ್ಯರಾಗಿರುವುದಕ್ಕೆ ಧನ್ಯವಾದ ಎಂಬ ಉತ್ತರ ಒಂದು ನಿಮಿಷದೊಳಗೆ ಬಂತು. ಓದಿದವರಂತೂ ಯಾರೂ ಇರಲಿಕ್ಕಿಲ್ಲ.

ಎರಡು ತಿಂಗಳು ಅವಳು ಆ ಕೋಣೆಯಲ್ಲಿ ಹಲ್ಲು ಕಚ್ಚಿಕೊಂಡು ಕಳೆದಳು. ಕೊನೆಗೆ ಉಪಕಾರಕ್ಕೆ ಬಂದವನು ಗಂಡ ಕೇಶವ. ಅವನಿಗೆ ವಡೋದರಾದ ಮಕರಪುರದ ಕಾರ್ಖಾನೆಯಲ್ಲಿ ಕೆಲಸ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ. ಕಾರ್ಖಾನೆಯ ಕೆಲಸಕ್ಕೆಂದು ಸೂರತ್‌ಗೆ ಹೋದವನು ಅಲ್ಲಿನ ಹಳೇ ಅಂಗಡಿಯೊಂದರಲ್ಲಿ ಚಿರ್ಪಿ ಕ್ಲಿಪ್ ಕಂಡು ಎರಡು ತಂದ. ಅದೇ ಹೆಸರು, ಅದೇ ಡಬ್ಬಿ, ಅದೇ ಮೂರು ಗುಂಡಿ. 'ಸೇಮ್ ಟು ಸೇಮ್' ಎಂದಿದ್ದನಂತೆ ಅಂಗಡಿಯವನು. ಎರಡನೆಯದು ನಿಶ್ಚಿತಾಳಿಗೆ.

ನಿಶ್ಚಿತಾ ಹಿರಿಯೂರಿನ ಹುಡುಗಿ, ಸಂಸ್ಥೆಗೆ ಸೇರಿ ಎಂಟು ತಿಂಗಳು. ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಆಫೀಸಿನಲ್ಲಿ 'ಮೇಡಂ', ಮನೆಗೆ ಊಟಕ್ಕೆ ಬಂದರೆ 'ಸುಭದ್ರಕ್ಕ'. ಅವಳ ಕಿವಿ ಚೆನ್ನಾಗಿತ್ತು, ಆದರೆ ಆ ಕೋಣೆಯೊಳಗೆ ತನ್ನದೇ ಎದೆಬಡಿತ ಕೇಳಿ ಹೆದರುತ್ತಿದ್ದಳು. ಸುಭದ್ರಾಳೇ ಮುಂದೆ ನಿಂತು ಶಿಫಾರಸು ಬರೆದು, ಅವಳಿಗೂ ಅಂಥದ್ದೇ ಅನುಮತಿ ಕೊಡಿಸಿದ್ದಳು. ಇದರಲ್ಲಿ ವೈರ್‌ಲೆಸ್ ಇಲ್ಲವೆಂಬ ಕಾಗದಕ್ಕೆ ಹುಡುಗಿ ನಂಬಿಕೆಯ ಮೇಲೆ ಸಹಿ ಹಾಕಿದ್ದಳು.

ಇಷ್ಟಾಗಿ ಹತ್ತೊಂಬತ್ತು ದಿನ ಕಳೆದಿದ್ದವು. ಮೇ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಅಡಿಗೆಯ ಹೊತ್ತು. ಮಗಳು ಸಂಹಿತಾ ಫೋನಿಗೆ ಸ್ಪೀಕರ್ ಜೋಡಿಸುತ್ತಾ ಕೂತಿದ್ದಳು. ಹದಿನೈದು ವರ್ಷ, ಹುಟ್ಟಿ ಬೆಳೆದದ್ದು ಇಲ್ಲೇ, ಹಾಗಾಗಿ ಕನ್ನಡ ಅವಳ ಬಾಯಲ್ಲಿ ಅಷ್ಟಕ್ಕಷ್ಟೇ.

"ಮಮ್ಮಿ, ನಿನ್ನ ಚಿರ್ಪಿ ನನ್ನ ಫೋನಲ್ಲಿ ಆ ರಹಾ ಹೈ."

"ಏನು ಬರ್ತಿದೆ?"

"ಬ್ಲೂಟೂತ್ ಲಿಸ್ಟಲ್ಲಿ. ದೇಖೋ, ಚಿರ್ಪಿ ಕ್ಲಿಪ್. ಮೈಕ್ ಭೀ ಇದೆ! ಸೋ ಕೂಲ್."

ಸುಭದ್ರಾಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಪ್ಲೇಯರ್ ಇದ್ದದ್ದು ಅವಳ ಆಫೀಸಿನ ಚೀಲದೊಳಗೆ, ಅದೂ ಆಫ್ ಆಗಿ. ಆಫ್ ಆಗಿದ್ದರೂ ಅದು ಹತ್ತಿರದ ಫೋನುಗಳಿಗೆಲ್ಲ ನಾನಿಲ್ಲಿದ್ದೇನೆ ಎಂದು ಕೂಗುತ್ತಲೇ ಇತ್ತು. ಡಬ್ಬಿಯನ್ನು ಹುಡುಕಿ ತೆಗೆದು, ಕನ್ನಡಕ ಹಾಕಿಕೊಂಡು ನೋಡಿದಳು. ತಳದಲ್ಲಿ, ಬಾರ್‌ಕೋಡಿನ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ 'ಹೊಸ ಆವೃತ್ತಿ' ಎಂದಿತ್ತು. ಸಣ್ಣವನ್ನು ನಿಲ್ಲಿಸುವ ಮುಂಚೆ, ಹೆಸರು ಬದಲಿಸದೆ, ರೂಪ ಬದಲಿಸದೆ, ಹೊಟ್ಟೆಯೊಳಗೆ ಮಾತ್ರ ಬದಲಿಸಿದ್ದರು ಪುಣ್ಯಾತ್ಮರು.

ಎರಡು ವಾರದಿಂದ ಪರೀಕ್ಷೆಯ ಗ್ರಾಫಿನಲ್ಲಿ ಮುಳ್ಳಿನಂತೆ ಎದ್ದು ಕಾಣುತ್ತಿದ್ದ ಸಣ್ಣ ಗೆರೆ ನೆನಪಾಯಿತು. ಎಲ್ಲಿಂದಲೋ ಒಂದು ಸಿಗ್ನಲ್ ನುಸುಳುತ್ತಿದೆ ಎಂದು ವಿಭಾಗದ ಮುಖ್ಯಸ್ಥರು ಎಲ್ಲರ ಮೇಲೂ ರೇಗಾಡಿದ್ದರು. ಕೇಬಲ್ಲುಗಳನ್ನು ಬಿಚ್ಚಿ, ಬಾಗಿಲಿನ ಪಟ್ಟಿ ಬದಲಿಸಿ, ಆ ಸಿಗ್ನಲ್ ಹುಡುಕಲು ಟೊಂಕ ಕಟ್ಟಿ ನಿಂತವಳು ಸುಭದ್ರಾಳೇ. ಹುಡುಕುವಾಗಲೂ ಈ ಪ್ಲೇಯರ್ ಅವಳ ಕುರ್ತಾದ ಅಂಚಿಗೇ ಸಿಕ್ಕಿಸಿಕೊಂಡು ಕೊಳಲು ನುಡಿಸುತ್ತಿತ್ತು. ನಿರ್ಬಂಧಿತ ಜಾಗಕ್ಕೆ ಹತ್ತೊಂಬತ್ತು ದಿನ ಮೈಕು, ವೈರ್‌ಲೆಸ್ ಎರಡನ್ನೂ ಹೊತ್ತು ಹೋಗಿದ್ದಾಳೆ. ಗೊತ್ತಿರಲಿಲ್ಲ ಎಂದರೆ ಯಾರು ನಂಬುತ್ತಾರೆ? ವಿಚಾರಣೆ, ಅಮಾನತು, ಪೇಪರಿನಲ್ಲಿ ಹೆಸರು, ಎಲ್ಲ ಒಂದರ ಹಿಂದೊಂದು ಕಣ್ಣಮುಂದೆ ಬಂದವು.

ಕೇಶವನಿಗೆ ಫೋನ್ ಮಾಡಿದಳು. ಕಾರ್ಖಾನೆಯಲ್ಲಿ ಆಡಿಟ್ ಇದ್ದದ್ದರಿಂದ ಅವನು ಈ ವಾರ ಬಂದಿರಲಿಲ್ಲ.

"ರೀ, ಸೂರತ್‌ನಿಂದ ತಂದ್ರಲ್ಲ ಪ್ಲೇಯರು, ಅದರಲ್ಲಿ ಬ್ಲೂಟೂತ್ ಇದೆ ಕಣ್ರೀ. ಮೈಕೂ ಇದೆ."

"ಸೇಮ್ ಟು ಸೇಮ್ ಅಂದಿದ್ನಲ್ಲೇ ಆ ಮನುಷ್ಯ!"

"ದಿನಾ ಒಳಗೆ ತಗೊಂಡ್ಹೋಗಿದೀನಿ. ನನಗೆ ಭಯ ಆಗ್ತಿದೆ."

"ಯಾರಿಗೂ ಹೇಳ್ಬೇಡ," ಎಂದ ಕೇಶವ. "ಈಗ್ಲೇ ಜಜ್ಜಿ ಬಿಸಾಕು. ಯಾರಾದ್ರೂ ಕೇಳಿದ್ರೆ ಕಳೆದೋಯ್ತು ಅನ್ನು. ಇಪ್ಪತ್ತು ವರ್ಷದ ಸರ್ವೀಸು, ಸುಭದ್ರಾ. ಹುಚ್ಚುಚ್ಚಾಗಿ ಸತ್ಯ ಹೇಳೋಕೆ ಹೋಗ್ಬೇಡ."

ಅವಳಿಗೂ ಅದೇ ಸರಿಯೆನಿಸಿತು. ಅಡಿಗೆಮನೆಯ ಕುಟ್ಟಾಣಿ ತೆಗೆದು ಪ್ಲೇಯರನ್ನು ನೆಲದ ಮೇಲಿಟ್ಟು ಕೂತಳು. ಆಗ ಫೋನ್ ಟಿಣ್ ಎಂದಿತು. ವಿಭಾಗದ ಗುಂಪಿಗೆ ಮುಖ್ಯಸ್ಥರ ಸಂದೇಶ: ಆ ಸಿಗ್ನಲ್ ಪತ್ತೆಗೆ ಭದ್ರತಾ ವಿಭಾಗ ಇಂದೇ ಬರುತ್ತಿದೆ, ಎರಡೂವರೆಗೆ ಪಾಳಿ ಮುಗಿಸಿ ಹೊರಬರುವ ಪ್ರತಿಯೊಬ್ಬರನ್ನೂ ಸಿಗ್ನಲ್ ಗುರುತಿಸುವ ಯಂತ್ರ ಹಿಡಿದು ತಪಾಸಣೆ ಮಾಡುತ್ತಾರೆ.

ಸದ್ಯ, ಇವತ್ತು ನನಗೆ ರಜೆ, ಎಂದು ಅವಳ ಎದೆ ಹಗುರಾಯಿತು. ಮರುಕ್ಷಣವೇ ಧಸಕ್ಕೆಂದಿತು. ಭಾನುವಾರದ ಪಾಳಿ ನಿಶ್ಚಿತಾಳದು.

ಫೋನ್ ಮಾಡಿದಳು. ಎತ್ತುವವರಿಲ್ಲ, ಎತ್ತುವುದೆಲ್ಲಿಂದ, ಅದು ಗೇಟಿನ ಲಾಕರಿನಲ್ಲಿದೆ. ಗೊತ್ತಿದ್ದೂ ಏಳು ಸಲ ಮಾಡಿದಳು. ಒಳಗಿನ ಲ್ಯಾಂಡ್‌ಲೈನಿಗೆ ಮಾಡಿದರೆ ಪ್ರತಿ ಮಾತೂ ರೆಕಾರ್ಡ್ ಆಗುತ್ತದೆ. ಗಡಿಯಾರ ಒಂದೂ ಐವತ್ತು ತೋರಿಸುತ್ತಿತ್ತು. ಒಂದು ಪಾಪದ ಹುಡುಗಿ ತನ್ನ ಮಾತು ನಂಬಿ ಸಹಿ ಹಾಕಿದ್ದಾಳೆ, ಇನ್ನು ನಲವತ್ತು ನಿಮಿಷಕ್ಕೆ ಯಂತ್ರದ ಮುಂದೆ ಸಿಕ್ಕಿಬೀಳುತ್ತಾಳೆ. ಕುಟ್ಟಾಣಿಯನ್ನು ಅಲ್ಲೇ ಬಿಟ್ಟು, ಪ್ಲೇಯರನ್ನು ಚೀಲಕ್ಕೆ ಹಾಕಿಕೊಂಡು, ಒಲೆ ಆರಿಸುವಂತೆ ಮಗಳಿಗೆ ಕೂಗಿ ಹೇಳಿ ಮೆಟ್ಟಿಲಿಳಿದಳು.

ಹೊರಗೆ ಬಿಸಿಲೆಂದರೆ ಬಿಸಿಲು. ಸಿಕ್ಕ ಆಟೋ ಹತ್ತಿದಳು. ಪ್ರತಿ ಸಿಗ್ನಲ್ಲಿನಲ್ಲೂ ಅವಳ ಜೀವ ಬಾಯಿಗೆ ಬರುತ್ತಿತ್ತು. ಚಾಲಕ ಕನ್ನಡಿಯಲ್ಲಿ ಅವಳ ಮುಖ ನೋಡಿ, "ಶು ಥಯು, ಬೆನ್?" ಎಂದ; ಏನಾಯ್ತಕ್ಕ, ಆಸ್ಪತ್ರೆಗಾ ಎಂದು ಕೇಳಿದ. ಅಲ್ಲವೆಂದು ತಲೆಯಾಡಿಸಿದಳು. ಕಿವಿಯ ಸುಯ್ಯೆನ್ನುವುದು ಈಗ ತಲೆಯ ತುಂಬ ಇತ್ತು. ತಿರುಗಿ ಹೋಗಿಬಿಡಲೇ ಎಂದು ಮೂರು ಸಲ ಅನಿಸಿತು. ಹೋಗಲಿಲ್ಲ. ಅದು ಧೈರ್ಯವೇನಲ್ಲ. ಆ ಹುಡುಗಿ ಮುಂದಿನ ಭಾನುವಾರ ಊಟಕ್ಕೆ ಬಂದರೆ ಮುಖ ಹೇಗೆ ತೋರಿಸುವುದು ಎಂಬ ಇನ್ನೊಂದು ಭಯ, ಅಷ್ಟೇ.

ಗೇಟಿಗೆ ಬಂದಾಗ ಎರಡೂ ಮೂವತ್ತೈದು. ಒಳಬದಿಯಲ್ಲಿ ಮೇಜು ಹಾಕಿ ಭದ್ರತಾ ಅಧಿಕಾರಿ ಕೂತಿದ್ದರು. ಪಕ್ಕದಲ್ಲಿ ಕಾವಲಿನವನೊಬ್ಬ ಕೈಯಲ್ಲಿ ಯಂತ್ರ ಹಿಡಿದು ಒಬ್ಬೊಬ್ಬರನ್ನೇ ಬಿಡುತ್ತಿದ್ದ. ಸಾಲಿನ ಕೊನೆಯಲ್ಲಿ ನಿಶ್ಚಿತಾ ಇದ್ದಳು. ಅವಳ ಮುಂದೆ ಉಳಿದಿದ್ದವರು ಇಬ್ಬರೇ.

ಸುಭದ್ರಾ ಯೋಚಿಸಲಿಲ್ಲ. ನೇರ ಮೇಜಿನ ಹತ್ತಿರ ಹೋಗಿ ಪ್ಲೇಯರನ್ನು ಅದರ ಮೇಲಿಟ್ಟು, ಏದುಸಿರು ಬಿಡುತ್ತಾ ಹಿಂದಿಯಲ್ಲಿ ಎಲ್ಲವನ್ನೂ ಹೇಳಿಬಿಟ್ಟಳು. ಕಂಪನಿ ಒಳಗಿನದನ್ನು ಬದಲಿಸಿದ್ದು, ತನಗೆ ಇವತ್ತೇ ಗೊತ್ತಾಗಿದ್ದು, ಸಿಗ್ನಲ್ ಇದರದ್ದೇ ಇರಬೇಕೆಂಬುದು. ಕೊನೆಗೆ, "ಆ ಹುಡುಗಿಗೂ ಇಂಥದ್ದೇ ಒಂದು ನಾನೇ ಕೊಟ್ಟಿದ್ದೇನೆ. ಅವಳಿಗೆ ಏನೂ ಗೊತ್ತಿಲ್ಲ, ಅವಳ ತಪ್ಪೇನೂ ಇಲ್ಲ," ಎಂದಳು.

ಅಧಿಕಾರಿ ಎಲ್ಲವನ್ನೂ ತಾಳ್ಮೆಯಿಂದ ಕೇಳಿದರು. ನಿಶ್ಚಿತಾಳನ್ನು ಕರೆದರು. ಯಂತ್ರ ಅವಳ ಮೈಮೇಲೆಲ್ಲ ಓಡಾಡಿತು. ಕಿಂ ಅನ್ನಲಿಲ್ಲ. ಚೀಲ ನೋಡಿದರು, ಊಟದ ಡಬ್ಬಿ ಬಿಟ್ಟರೆ ಏನಿಲ್ಲ.

"ನಿಮ್ಮದು ಎಲ್ಲಿ?" ಎಂದರು.

ಹುಡುಗಿ ಗೇಟಿನ ಕಡೆ ಕೈ ತೋರಿಸಿದಳು. "ಲಾಕರಿನಲ್ಲಿ ಸರ್."

ಲಾಕರ್ ತೆಗೆಸಿದರು. ಫೋನಿನ ಕೆಳಗೆ ಚಿರ್ಪಿ ಕ್ಲಿಪ್ ತಣ್ಣಗೆ ಮಲಗಿತ್ತು. ಫೋನಿನ ಪರದೆಯ ಮೇಲೆ 'ಸುಭದ್ರಕ್ಕ' ಎಂಬ ಹೆಸರಿನಲ್ಲಿ ಏಳು ಮಿಸ್ಡ್ ಕಾಲ್. ಅಧಿಕಾರಿ ಫೋನು, ಪ್ಲೇಯರ್ ಎರಡನ್ನೂ ಮೇಜಿನ ಮೇಲಿಟ್ಟು ಒಬ್ಬರಾದ ಮೇಲೊಬ್ಬರ ಮುಖ ನೋಡಿದರು. ಅವರ ದನಿ ಬದಲಾಗಿತ್ತು.

"ಒಳಗೆ ಒಯ್ಯಲು ಅನುಮತಿ ಇದ್ದರೂ ಇದನ್ನು ಇಲ್ಲಿಟ್ಟಿದ್ದೀರಿ. ಅಂದರೆ ನಿಮಗೆ ಗೊತ್ತಿತ್ತು. ಯಾವತ್ತಿನಿಂದ?"

"ಮೊದಲನೇ ದಿನದಿಂದ ಸರ್. ಫೋನಿನಲ್ಲಿ ಕಾಣಿಸಿತು. ಹೆದರಿ ಒಳಗೆ ಒಯ್ಯಲೇ ಇಲ್ಲ."

ಸುಭದ್ರಾ ಹುಡುಗಿಯ ಕಡೆ ತಿರುಗಿದಳು. ಇಷ್ಟು ದಿನವೂ ಈ ಹುಡುಗಿ, ಪಕ್ಕದಲ್ಲೇ ನಡೆಯುತ್ತಾ, ತನ್ನದನ್ನು ಮಾತ್ರ ಲಾಕರಿನಲ್ಲಿಟ್ಟು, ಸುಭದ್ರಾಳನ್ನು ಹಾಗೇ ಒಳಗೆ ಹೋಗಲು ಬಿಟ್ಟಿದ್ದಾಳೆ. ಸಿಟ್ಟು ಬರುವುದಕ್ಕೂ ಬಿಡುವಿರಲಿಲ್ಲ.

"ಗೊತ್ತಿದ್ದೂ ಯಾರಿಗೂ ಹೇಳಲಿಲ್ಲವೇ?" ಎಂದರು ಅಧಿಕಾರಿ. ಈ ಒಂದು ಪ್ರಶ್ನೆಗೆ ಉತ್ತರ ತಪ್ಪಿದರೆ ಹುಡುಗಿಯ ಕೆಲಸ ಅಲ್ಲಿಗೆ ಮುಗಿಯಿತು, ಇದು ಮೂವರಿಗೂ ಗೊತ್ತಿತ್ತು.

ನಿಶ್ಚಿತಾ ತುಟಿ ಒದ್ದೆ ಮಾಡಿಕೊಂಡಳು. "ಮೇಡಂಗೆ ಹೇಳಿದ್ದೆ ಸರ್. ಅವತ್ತೇ."

ಅಧಿಕಾರಿ ಸುಭದ್ರಾಳ ಕಡೆ ತಿರುಗಿದರು. ಹುಡುಗಿಯೂ ತಿರುಗಿದಳು. ಅಲ್ಲಿ ಬೇರೆ ಯಾರಿಗೂ ತಿಳಿಯದ ಭಾಷೆಯಲ್ಲಿ, ಬಡಬಡನೆ ಹೇಳಿದಳು:

"ಅಕ್ಕಾ, ಹೂಂ ಅನ್ನಿ. ನಿಮ್ ದಮ್ಮಯ್ಯ. ನಿಮಗೂ ಗೊತ್ತಿರುತ್ತೆ, ನೀವು ಹಿರೇರು, ಏನೂ ಆಗಲ್ಲ ಅಂದ್ಕೊಂಡೆ. ಹೇಳಿದ್ರೆ ಇಬ್ರಿಗೂ ತೊಂದ್ರೆ ಅಂತ ಸುಮ್ನಿದ್ದೆ. ನಂದಿನ್ನೂ ಪರ್ಮನೆಂಟ್ ಆಗಿಲ್ಲ ಅಕ್ಕಾ. ಹೂಂ ಅಂದ್ಬಿಡಿ."

"ಹಿಂದಿಯಲ್ಲಿ ಮಾತಾಡಿ!" ಎಂದು ಅಧಿಕಾರಿ ಮೇಜು ಕುಟ್ಟಿದರು. "ಏನು ಹೇಳುತ್ತಿದ್ದಾಳೆ? ನಿಮಗೆ ಹೇಳಿದ್ದಳೇ, ಇಲ್ಲವೇ?"

ಹೂಂ ಎಂದರೆ, ಗೊತ್ತಿದ್ದೂ ಹತ್ತೊಂಬತ್ತು ದಿನ ಒಯ್ದವಳಾಗುತ್ತಾಳೆ ಸುಭದ್ರಾ. ತಪ್ಪು ಹೋಗಿ ಅಪರಾಧವಾಗುತ್ತದೆ. ಇಪ್ಪತ್ತು ವರ್ಷದ ಸರ್ವೀಸು ಎಂದ ಕೇಶವನ ದನಿ, ತಾನು ಸೌಟು ಹಿಡಿದು ನಿಂತಿದ್ದ ಅಡಿಗೆಮನೆ, ಮಗಳು, ಎಲ್ಲ ಒಟ್ಟಿಗೇ ನುಗ್ಗಿ ಬಂದವು. ಯೋಚಿಸುವ ಮೊದಲೇ ಉತ್ತರ ಬಾಯಿಂದ ಹೊರಬಿದ್ದಿತ್ತು, ಅದೂ ಅಧಿಕಾರಿಯ ಭಾಷೆಯಲ್ಲಿ.

"ನಹೀಂ ಸರ್. ಇಸ್ನೇ ಮುಝೇ ಕುಛ್ ನಹೀಂ ಬತಾಯಾ."

ಇವಳು ನನಗೆ ಏನೂ ಹೇಳಿಲ್ಲ ಎಂದದ್ದು ನಿಜವೇ. ಅಕ್ಷರಕ್ಕಕ್ಷರ ನಿಜ. ಆದರೆ ನಿಜವೆಂಬ ಕಾರಣಕ್ಕೆ ಹೇಳಲಿಲ್ಲ, ಹೆದರಿ ಹೇಳಿದಳು, ಅದು ಅವಳಿಗೆ ಗೊತ್ತಿತ್ತು.

ಅಧಿಕಾರಿ ಬರೆದುಕೊಂಡರು. ತಾವಾಗಿಯೇ ಬಂದು ಒಪ್ಪಿಸಿದ್ದೀರಿ, ಅದನ್ನು ನಮೂದಿಸಿಯೇ ವರದಿ ಕಳಿಸುತ್ತೇನೆ, ನಾಳೆ ಹತ್ತಕ್ಕೆ ಲಿಖಿತ ಹೇಳಿಕೆ ಕೊಡಿ, ಈಗ ಮನೆಗೆ ಹೋಗಬಹುದು ಎಂದರು. ನಿಶ್ಚಿತಾಳಿಗೆ ಮಾತ್ರ ಕುರ್ಚಿ ತೋರಿಸಿ, ಕೂತಿರಿ, ಹೋಗುವಂತಿಲ್ಲ ಎಂದು ಅವಳ ಪಾಸನ್ನು ಕತ್ತಿನಿಂದ ಬಿಚ್ಚಿಸಿಕೊಂಡರು.

ಸುಭದ್ರಾ ಕುರ್ಚಿಯ ಹತ್ತಿರ ಹೋಗಿ ನಿಂತಳು. "ನಿಶ್ಚಿತಾ, ನಾನು ನಿನ್ನ ಉಳಿಸೋಣ ಅಂತಲೇ ಓಡಿ ಬಂದೆ ಕಣೇ," ಎಂದಳು. ಕೈ ಹಿಡಿಯಲು ಹೋದಳು.

ಹುಡುಗಿ ಕೈಯನ್ನು ಮಡಿಲಿಗೆ ಎಳೆದುಕೊಂಡಳು. ಅಳಲಿಲ್ಲ. ತಲೆ ಎತ್ತದೆ, ತೀರಾ ಸಣ್ಣ ದನಿಯಲ್ಲಿ ಹೇಳಿದಳು:

"ನೀವು ಬರದೇ ಇದ್ದಿದ್ರೆ ನಾನು ಈಗ ಮನೆ ದಾರೀಲಿರ್ತಿದ್ದೆ, ಮೇಡಂ."