ನಗಬೇಡ ಅಂದಿದ್ದು

ದಂತವೈದ್ಯರ ಹಳೆಯ ಕ್ಯಾಮೆರಾಕ್ಕೆ ಗೇಣು ದೂರದ ಲೋಕವಷ್ಟೇ ಗೊತ್ತು. ಅದು ಬೀರುವ ಎರಡು ಬೆಳಕಿನ ಚುಕ್ಕಿಗಳು ಹಲ್ಲಿನ ಮೇಲೆ ಒಂದಾದಾಗ ಗುಂಡಿ ಒತ್ತಬೇಕು. ಫೋಟೋ ಆಗಲೇ ಹೊರಬಂದು ಕಣ್ಣೆದುರೇ ನಿಧಾನವಾಗಿ ಮೂಡುತ್ತದೆ. ಬಾಯಿ ಕೂದಲೆಳೆಯಷ್ಟು ಅಲುಗಿದರೂ ಎಲ್ಲ ಮಸುಕು.

ಹಿಂದೊಮ್ಮೆ ಅವರ ಹೆಂಡತಿ ಮುಂದಿನ ಹಲ್ಲುಗಳ ಸಂದು ಮುಚ್ಚಿಸಿಕೊಳ್ಳಲು ಇದೇ ಕುರ್ಚಿಯಲ್ಲಿ ಕೂತಿದ್ದಳು. ಗಂಡನ ಗಂಭೀರ ಮುಖ ಅಷ್ಟು ಹತ್ತಿರ ಬಂದದ್ದೇ ತಡ, ಕಿಸಕ್ಕನೆ ನಕ್ಕುಬಿಡುತ್ತಿದ್ದಳು. "ನಗ್ಬೇಡ, ಫಿಲ್ಮ್ ಹಾಳಾಗುತ್ತೆ!" ಎಂದು ಗದರಿ, ಮಸುಕಾದವನ್ನೆಲ್ಲ ಆ ಮಹಾನುಭಾವರು ಕಸದ ಬುಟ್ಟಿಗೆ ಹಾಕಿದ್ದರು. ಈ ಫೋಟೋಗಳಿಗೆ ನೆಗೆಟಿವ್ ಇಲ್ಲ; ಎಸೆದದ್ದು ಎಸೆದಂತೆಯೇ. ಉಳಿದದ್ದು ಪ್ಲಾಸ್ಟಿಕ್ ಕೊಕ್ಕೆಗಳಿಂದ ತುಟಿ ಎಳೆದು ಹಿಡಿದು ತೆಗೆದ ಒಂದೇ ಒಂದು. ಅವಳು ತೀರಿಕೊಂಡ ಮೇಲೆ ಅದನ್ನು ಎಷ್ಟು ಸಲ ನೋಡಿದರೂ ಹಲ್ಲು ಕಂಡವೇ ಹೊರತು ಅವಳು ಕಾಣಲಿಲ್ಲ.

ಈಗ ಆ ಕುರ್ಚಿಯಲ್ಲಿ ಮಗಳು. ಅಮ್ಮನದೇ ಹಲ್ಲು, ಅಮ್ಮನದೇ ಸಂದು. ಚುಕ್ಕಿಗಳು ಒಂದಾದವು. ಅಷ್ಟು ಹತ್ತಿರದಲ್ಲಿ ಅಪ್ಪನ ಮುಖ ಕಂಡು ಅವಳಿಗೆ ನಗು ತಡೆಯಲಾಗಲಿಲ್ಲ. ನಗಬೇಡ ಎನ್ನಲು ವೈದ್ಯರಿಗೆ ಬಾಯಿ ಬರಲಿಲ್ಲ. ಗುಂಡಿ ಒತ್ತಿಬಿಟ್ಟರು.

"ಅಯ್ಯೋ, ಪೂರ್ತಿ ಮಸುಕಾಗಿದೆ. ಎಸಿಯಪ್ಪಾ ಅತ್ಲಾಗೆ! ಯಾರು ನಗ್ತಿರೋದು ಅಂತಾನೇ ಗೊತ್ತಾಗಲ್ಲ."

"ಹೌದು, ಗೊತ್ತಾಗಲ್ಲ," ಎಂದು ವೈದ್ಯರು ಅದನ್ನು ಎದೆಯ ಜೇಬಿಗಿಳಿಸಿ, ಮತ್ತೆ ಕ್ಯಾಮೆರಾ ಎತ್ತಿದರು.

"ಇನ್ನೊಂದ್ಸಲ ನಗು."