ಅಳಿಯಂದಿರಿಗೆ ಇಲ್ಲ ಅಂದ ಕಂಪ್ಯೂಟರ್

ಚಿಕ್ಕಮ್ಮನ ಕಸೂತಿ ಅಂಗಡಿಯಲ್ಲಿ ಅಳಿಯಂದಿರಿಗೆ, ಅಂದರೆ ನನ್ನ ಭಾವನಿಗೆ, ಯಾರೂ ಇಲ್ಲ ಅನ್ನುವುದಿಲ್ಲ. ಅವರು ಬಂದು ಕೂತರೆ ಫ್ಯಾನು ತಾನಾಗಿ ಅವರ ಕಡೆ ತಿರುಗುತ್ತದೆ. ಫ್ರಿಜ್ ಶೋರೂಮಿನ ಮ್ಯಾನೇಜರ್ ಆದ್ದರಿಂದ, ಕರೆಂಟಿನಿಂದ ನಡೆಯುವುದೆಲ್ಲ ಭಾವನಿಗೆ ಗೊತ್ತು ಎಂದು ಚಿಕ್ಕಮ್ಮ ನಂಬಿದ್ದರು. ಭಾವನೂ ನಂಬಿದ್ದರು.

ಕಂಪ್ಯೂಟರ್ ಆಮೆ ಥರ ಆಗಿದೆ ಎಂದು ಚಿಕ್ಕಮ್ಮ ಫೋನಿನಲ್ಲಿ ಗೊಣಗಿದ್ದೇ ತಡ, ಭಾವ ತಮ್ಮ ಲ್ಯಾಪ್‌ಟಾಪಿನೊಂದಿಗೆ ಹಾಜರ್.

"ಹೊಸ ಸಿಸ್ಟಂ ಹಾಕಿಬಿಡೋಣ ಅತ್ತೆ. ಒಂದು ಪೆನ್‌ಡ್ರೈವ್ ಕೊಡಿ ಸಾಕು."

ಚಿಕ್ಕಮ್ಮ ಕಸೂತಿ ಯಂತ್ರದ ಪಕ್ಕ ನೇತಾಡುತ್ತಿದ್ದುದನ್ನು ತೆಗೆದು ಕೊಟ್ಟೇಬಿಟ್ಟರು. ಅಂಗಡಿಯಲ್ಲಿ ಇದ್ದದ್ದು ಅದೊಂದೇ. ಡಿಸೈನು ಕಂಪ್ಯೂಟರಿನಿಂದ ಯಂತ್ರಕ್ಕೆ ಹೋಗುವುದು ಅದರಲ್ಲಿ ಕೂತೇ. ಈಜು ಕ್ಲಬ್ಬಿನ ಬ್ಯಾಡ್ಜಿಗೆಂದು ನಾನು ಮಾಡಿದ ಮಿಂಚುಳ್ಳಿಯೂ ಅದರಲ್ಲಿತ್ತು. ನಾನೇ ಪೂರ್ತಿಯಾಗಿ ಮಾಡಿದ ಮೊದಲನೇ ಡಿಸೈನು. ಸಂಜೆ ಕ್ಲಬ್ಬಿನವರು ಬ್ಯಾಡ್ಜು ಒಯ್ಯಲು ಬರುವವರಿದ್ದರು.

"ಭಾವಾ, ಅದ್ರಲ್ಲಿ..." ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಿಸಲಿಲ್ಲ. ಅಷ್ಟರಲ್ಲಿ ಭಾವ ಅದನ್ನು ತಮ್ಮ ಲ್ಯಾಪ್‌ಟಾಪಿಗೆ ಚುಚ್ಚಿ, ಇದ್ದದ್ದೆಲ್ಲವನ್ನೂ ಅಳಿಸಿ, ಅದರೊಳಗೆ ಹೊಸ ಸಿಸ್ಟಂ ತುಂಬಿಸತೊಡಗಿದ್ದರು. ಇನ್ನು ನನ್ನ ಹಕ್ಕಿ ಉಳಿದಿದ್ದು ಆ ಆಮೆಯ ಹೊಟ್ಟೆಯಲ್ಲಿ ಮಾತ್ರ.

"ಫೈಲೆಲ್ಲ ಹಂಗೇ ಇರುತ್ತಲ್ವಾ ಅಳಿಯಂದ್ರೇ?"

"ಅದೆಲ್ಲ ನಂಗೆ ಬಿಡಿ ಅತ್ತೆ."

ಪೆನ್‌ಡ್ರೈವ್ ಚುಚ್ಚಿ, ಈ ಸಲ ಇದರಿಂದಲೇ ಶುರುವಾಗು ಎಂದು ಒಂದು ಗುಂಡಿ ಒತ್ತಿ ಅಂಗಡಿಯ ಕಂಪ್ಯೂಟರ್ ಹಾಕಿದರು. ಕೆಂಪು ಚೌಕ ಬಂತು. ಇದರ ಸಹಿ ನನಗೆ ಗುರುತಿಲ್ಲ, ಸೆಕ್ಯೂರ್ ಬೂಟ್ ಇದನ್ನು ಒಳಗೆ ಬಿಡುವುದಿಲ್ಲ ಎಂದಿತ್ತು.

ಚಿಕ್ಕಮ್ಮನ ಮುಖ ಕೆಂಪಾಯಿತು. "ಮನೆ ಅಳಿಯಂದ್ರು ಅಂತ ಗೊತ್ತಿಲ್ವಂತಾ ಇದಕ್ಕೆ?"

"ಇದು ವಾಚ್‌ಮನ್ ಇದ್ದಂಗೆ ಅತ್ತೆ. ಹೊಸಬರನ್ನ ಕಂಡ್ರೆ ಬೊಗಳುತ್ತೆ. ಡ್ಯೂಟಿಯಿಂದ ತೆಗೆದುಹಾಕೋದೇ."

ಸೆಟ್ಟಿಂಗಿಗೆ ಹೋಗಿ ಸೆಕ್ಯೂರ್ ಬೂಟನ್ನು ಆಫ್ ಮಾಡಿದರು. ಮೊದಲು ಪೆನ್‌ಡ್ರೈವನ್ನು ನೋಡು ಎಂದು ಕಂಪ್ಯೂಟರಿಗೆ ಮತ್ತೆ ಹೇಳಲು ಮರೆತರು. ಅದು ಎಂದಿನಂತೆ ತನ್ನ ಹಳೇ ಡಿಸ್ಕಿಗೇ ಹೋಯಿತು. ವಾಚ್‌ಮನ್ ಇಲ್ಲದ್ದು ಕಂಡು ಡಿಸ್ಕು ಒಳಗಿನಿಂದ ಚಿಲಕ ಹಾಕಿಕೊಂಡಿತು. ನೀಲಿ ಪರದೆಯಲ್ಲಿ ಉದ್ದನೆಯ ಕೀ ನಂಬರು ಕೇಳಿತು.

ಭಾವ ತಮ್ಮ ಮೊಬೈಲ್ ನಂಬರ್ ಒತ್ತಿದರು. ಆಗಲಿಲ್ಲ. ಮದುವೆಯ ತಾರೀಖು ಒತ್ತಿದರು.

"ಅದು ನಿಶ್ಚಿತಾರ್ಥದ ತಾರೀಖು ಅಳಿಯಂದ್ರೇ," ಎಂದರು ಚಿಕ್ಕಮ್ಮ ಮೆಲ್ಲಗೆ.

ಭಾವ ಕೆಮ್ಮಿದರು. ನಾನು ಫ್ಯಾನನ್ನು ಇನ್ನೊಂದಿಷ್ಟು ಅವರ ಕಡೆ ತಿರುಗಿಸಿದೆ. ಚಿಲಕ ತೆಗೆಯದಿದ್ದರೆ ಮಿಂಚುಳ್ಳಿ ಒಳಗೇ ಸತ್ತ ಹಾಗೆ.

"ಹಾಳಾದ್ದು, ಹಾರ್ಡ್‌ವೇರೇ ಕೆಟ್ಟಿದೆ," ಎಂದು ಭಾವ ಮತ್ತೆ ಸೆಟ್ಟಿಂಗಿಗೆ ನುಗ್ಗಿದರು. ಸಿಟ್ಟಿನಲ್ಲಿ ಪೆನ್‌ಡ್ರೈವನ್ನೂ ಕಿತ್ತು ಮೇಜಿನ ಮೇಲೆ ಎಸೆದರು. ಎಲ್ಲವನ್ನೂ ಮೊದಲಿದ್ದಂತೆ ಮಾಡು ಎಂಬ ಸಾಲಿನ ಮೇಲೆ ಕುಟ್ಟಿದರು. ಅದರ ಜೊತೆಗೆ ವಾಚ್‌ಮನ್ನೂ ಡ್ಯೂಟಿಗೆ ಮರಳಿದ. ಅವನನ್ನು ಕಂಡ ಡಿಸ್ಕು ಬಾಗಿಲು ತೆರೆಯಿತು.

ಪರದೆಯ ಮೇಲೆ ನಮ್ಮ ಅದೇ ಹಳೇ ನೀಲಿ ಗುಡ್ಡದ ಚಿತ್ರ, ಮೂಲೆಯಲ್ಲಿ ನನ್ನ ಮಿಂಚುಳ್ಳಿ.

ಭಾವ ಕರ್ಚೀಫು ತೆಗೆದು ಹಣೆ ಒರೆಸಿಕೊಂಡರು. ಆಮೇಲೆ ಕುರ್ಚಿಗೆ ಒರಗಿದರು.

"ಆಯ್ತು ನೋಡಿ. ಹೊಸ ಸಿಸ್ಟಂ. ನಿಮಗೆ ಗಾಬರಿ ಆಗ್ಬಾರ್ದು ಅಂತ ಹಳೇದರ ಥರಾನೇ ಕಾಣೋ ಹಾಗೆ ಇಟ್ಟಿದೀನಿ."

"ಎಷ್ಟು ಸೂಕ್ಷ್ಮ ನೋಡು ನಮ್ಮ ಅಳಿಯಂದ್ರು!" ಎಂದರು ಚಿಕ್ಕಮ್ಮ ನನಗೆ.

ಹೊರಡುವಾಗ ಭಾವ ಬಾಗಿಲಲ್ಲಿ ನಿಂತರು. "ಪುಟ್ಟೀ, ಆ ಪೆನ್‌ಡ್ರೈವ್ ಮುಟ್ಬೇಡ. ಜೋಪಾನ."

ಹೂಂ ಎಂದೆ.

ಅವರ ಸ್ಕೂಟರ್ ಸದ್ದು ಬೀದಿಯ ತಿರುವು ದಾಟಿತು. ಚಿಕ್ಕಮ್ಮ ಪರದೆಯ ಮುಂದೆ ಬಗ್ಗಿ ಫೈಲೊಂದನ್ನು ಒತ್ತಿದರು. ಸುತ್ತುವ ಚಕ್ರ ಸುತ್ತುತ್ತಲೇ ಇತ್ತು.

"ಅದೇ ಆಮೆ, ಅಲ್ವೇನೇ?"

"ಹೂಂ, ಚಿಕ್ಕಮ್ಮ."

"ಅವರಿದ್ದಾಗ ಹೇಳ್ಲಿಲ್ಲ?"

"ನೀವು?"

ಚಿಕ್ಕಮ್ಮ ಮೂಗು ಒರೆಸಿಕೊಂಡು ಪೆನ್‌ಡ್ರೈವನ್ನು ನನ್ನ ಕೈಗಿಟ್ಟರು. "ಅದರಲ್ಲಿರೋದನ್ನೆಲ್ಲ ಅಳಿಸಿ ನಿನ್ನ ಹಕ್ಕಿ ತುಂಬು. ಸಂಜೆ ಆಗ್ತಾ ಬಂತು."

ಕಸೂತಿ ಯಂತ್ರ ಮೊದಲ ಬ್ಯಾಡ್ಜಿನ ಮೇಲೆ ನೀಲಿ ರೆಕ್ಕೆ ಹೊಲಿಯುತ್ತಿದ್ದಾಗ ಫೋನ್ ಬಂತು. ಚಿಕ್ಕಮ್ಮ ಸೆರಗು ಸರಿಮಾಡಿಕೊಂಡು ಎತ್ತಿದರು.

"ಸ್ಪೀಡಾ? ಬಾಣ ಅಳಿಯಂದ್ರೇ, ಬಾಣ!"

ಅವರ ಬೆನ್ನ ಹಿಂದೆ ಚಕ್ರ ಇನ್ನೂ ಸುತ್ತುತ್ತಿತ್ತು.