ಇಪ್ಪತ್ತೊಂದನೇ ವಿಧಿಯೂ ಜಟ್ಟೆಮ್ಮನೂ

ಕೆ.ಆರ್. ಪುರದ ನಮ್ಮ ವಠಾರದಲ್ಲಿ ಬೆಳಗಾದರೆ ನೀರಿಗೆ ಜಗಳ. ಆ ಬುಧವಾರ ಮಾತ್ರ ಎಲ್ಲರೂ ಕೊಡ ಕೆಳಗಿಟ್ಟು ಓಡಿ ಬಂದರು. ನಲ್ಲಿಯ ಹತ್ತಿರ ಶಾಂಭವಿ ತಲೆ ಸುತ್ತಿ ಬಿದ್ದಿದ್ದಳು.

ನಾನು ರಾಮಲಕ್ಷ್ಮಮ್ಮ, ವಠಾರದ ಓನರ್. ಬಾಡಿಗೆಯವರ ವಿಷಯಕ್ಕೆ ತಲೆ ಹಾಕಬೇಡಿ ಎಂದು ಸೊಸೆ ಹೇಳುತ್ತಲೇ ಇರುತ್ತಾಳೆ. ಹಾಕದಿದ್ದರೆ ನನಗೆ ಊಟ ಸೇರುವುದಿಲ್ಲ, ಏನು ಮಾಡಲಿ? ಶಾಂಭವಿಯನ್ನು ಒಳಗೆ ಕೂರಿಸಿ ನಿಂಬೆ ಪಾನಕ ಕೊಟ್ಟೆ. ಯಾದಗಿರಿ ಕಡೆಯ ಹುಡುಗಿ, ಎರಡು ಮಕ್ಕಳ ತಾಯಿ. ಕಿರಿಯ ಮಗು ಹುಟ್ಟುವಾಗ ವಿಪರೀತ ರಕ್ತ ಹೋಗಿ ಸತ್ತು ಬದುಕಿದವಳು.

"ಮತ್ತ ಎರಡು ತಿಂಗಳಾಗ್ಯಾದ್ರಿ," ಎಂದು ಅತ್ತಳು. "ಈ ಸಲ ನಾ ಉಳಿಯಂಗಿಲ್ರಿ. ನಂಗ ಬ್ಯಾಡ. ಕ್ಲಿನಿಕ್‌ನ್ಯಾಗ ಗಂಡನ ಸಹಿ ತಗೊಂಬಾ ಅಂದ್ರು. ಇವ್ರು ನೋಡಿದ್ರ ಅವ್ವನ್ನ ಕೇಳು ಅಂತಾರ."

ಅವ್ವ ಎಂದರೆ ಅವಳ ಅತ್ತೆ ಜಟ್ಟೆಮ್ಮ. ಬಾಗಿಲಲ್ಲೇ ನಿಂತಿದ್ದಳು. "ನಮ್ಮ ಕೈಯಾಗ ಏನದ? ಎಲ್ಲಾ ವಿಧಿ," ಎಂದಳು.

ನನಗೆ ಮೈಯೆಲ್ಲ ಉರಿಯಿತು. ತಕ್ಷಣ ಬಿಲ್ಕೀಸ್‌ಗೆ ಫೋನ್ ಮಾಡಿದೆ. ಶಿವಾಜಿನಗರದವಳು, ಹೆಣ್ಣುಮಕ್ಕಳ ಹಕ್ಕಿಗಾಗಿ ಇಪ್ಪತ್ತು ವರ್ಷ ಆಸ್ಪತ್ರೆ, ಕೋರ್ಟು ಸುತ್ತಿದವಳು. ನಮ್ಮ ಸ್ತ್ರೀಶಕ್ತಿ ಸಂಘಕ್ಕೂ ಬರುತ್ತಾಳೆ. ಮಧ್ಯಾಹ್ನದ ಹೊತ್ತಿಗೆ ಬಂದೇಬಿಟ್ಟಳು. ಜಟ್ಟೆಮ್ಮ ಅವಳೆದುರೂ "ಎಲ್ಲಾ ವಿಧಿ" ಎಂದಾಗ ಬಿಲ್ಕೀಸ್ ಬಿಡಲಿಲ್ಲ.

"ಅರೇ, ಯಾವ ವಿಧಿ ಅಮ್ಮಾ? ನಮ್ ಹತ್ರಾನೂ ಒಂದು ವಿಧಿ ಇದೆ. ಇಪ್ಪತ್ತೊಂದನೇದು."

ಜಟ್ಟೆಮ್ಮ ಕಣ್ಣರಳಿಸಿದಳು. "ವಿಧಿಗೂ ನಂಬರ್ ಇರ್ತದೇನು?"

ನಾನು ಗೊಳ್ಳೆಂದು ನಕ್ಕೆ. ಬಿಲ್ಕೀಸ್ ನಗಲಿಲ್ಲ.

"ಇದು ಹಣೆಬರಹ ಅಲ್ಲಮ್ಮಾ, ಸಂವಿಧಾನದಲ್ಲಿ ಬರೆದಿರೋದು. ಎಲ್ರಿಗೂ ಜೀವದ ಹಕ್ಕು, ಸ್ವಾತಂತ್ರ್ಯದ ಹಕ್ಕು. ಹೆರಬೇಕಾ ಬೇಡ್ವಾ ಅನ್ನೋ ತೀರ್ಮಾನನೂ ಅದರಲ್ಲೇ ಬರುತ್ತೆ ಅಂತ ಸುಪ್ರೀಂ ಕೋರ್ಟೇ ಹೇಳಿದೆ. ಇವಳ ಜೀವಕ್ಕೆ ಅಪಾಯ ಇದೆ ಅಂತ ಡಾಕ್ಟ್ರು ಒಪ್ಪಿದ್ರೆ, ಗರ್ಭ ತೆಗೆಸೋಕೆ ಇವಳ ಒಪ್ಪಿಗೆ ಒಂದೇ ಸಾಕು. ಹದಿನೆಂಟು ತುಂಬಿದೆಯಲ್ಲ! ಗಂಡನ ಸಹಿ ಬೇಕು ಅಂತ ಕಾನೂನಲ್ಲಿ ಎಲ್ಲೂ ಇಲ್ಲ."

"ಪುಸ್ತಕದಲ್ಲಿ ಹಕ್ಕಿದ್ರೆ ಆಯ್ತಾ?" ಎಂದೆ ನಾನು.

"ಇದೇ ಜಗಳ ಹಕ್ಕಿಗೆ ಹೋರಾಡೋ ನಮ್ಮಲ್ಲೂ ಆಗುತ್ತೆ ರಾಮಲಕ್ಷ್ಮಮ್ಮಾ. ಕೆಲವ್ರು, ಸಂವಿಧಾನ ಹಿಡ್ಕೊಂಡೇ ಕೇಳೋಣ ಅಂತಾರೆ. ಇನ್ನು ಕೆಲವ್ರು, ಡಾಕ್ಟ್ರೇ ಇಲ್ಲದ ಕಡೆ ಹಕ್ಕು ಇಟ್ಕೊಂಡು ಏನ್ಮಾಡ್ತೀರಿ, ಆಯ್ಕೆ ಅಂತ ಹೇಳಿ ಬಡವರಿಗೆ ಬಲವಂತವಾಗಿ ಸಂತಾನಹರಣದ ಆಪರೇಷನ್ ಮಾಡಿದ್ರೆ ಯಾರು ಕೇಳ್ತಾರೆ ಅಂತಾರೆ. ಚಾಯ್ ಆರಿ ಹೋಗೋವರೆಗೂ ಕಿತ್ತಾಡ್ತೀವಿ. ಒಂದು ಮಾತಿಗೆ ಮಾತ್ರ ಎಲ್ರೂ ಒಪ್ತೀವಿ. ಬೇಕು ಅನ್ನೋಳೂ ಅವಳೇ, ಬೇಡ ಅನ್ನೋಳೂ ಅವಳೇ."

ಯಾರದೋ ಮನೆ ಹುಡುಗಿಗಾಗಿ ಇಷ್ಟು ಕಿತ್ತಾಡುವ ಹೆಂಗಸರಿದ್ದಾರಲ್ಲ ಎಂದು ನನಗೆ ಹೆಮ್ಮೆಯಾಯಿತು.

ಜಟ್ಟೆಮ್ಮ ಸೊಸೆಯ ಪಕ್ಕಕ್ಕೆ ಬಂದು ಕೂತಳು. "ನಾ ಏಳು ಹಡದೀನಿ. ಮೂರು ಉಳದಾವ," ಎಂದಳು. "ನಿಂಗ ಬೇಕೇನು ಅಂತ ಒಮ್ಮೆನೂ ಯಾರೂ ಕೇಳಲಿಲ್ಲವ್ವಾ."

ಮರುದಿನ ಸರ್ಕಾರಿ ಆಸ್ಪತ್ರೆಗೆ ನಾವು ನಾಲ್ವರೂ ಹೋದೆವು. ಪರೀಕ್ಷೆ ಮಾಡಿದ ಡಾಕ್ಟರು, ಈ ಬಸಿರು ಅಪಾಯವೆಂದು ಬರೆದುಕೊಟ್ಟರು. ಕೌಂಟರಿನಲ್ಲಿದ್ದವನು ತಲೆ ಎತ್ತದೆ ಕೇಳಿದ: "ಗಂಡ ಎಲ್ಲಿ? ಸಹಿ ಹಾಕ್ಬೇಕು."

ಬಿಲ್ಕೀಸ್ ಬಾಯಿ ತೆರೆಯುವ ಮೊದಲೇ ಜಟ್ಟೆಮ್ಮ ಮುಂದೆ ಬಂದಳು. "ಇಕೀ ಸಹಿ ಸಾಕು ಸಾಹೇಬ್ರ. ಇಪ್ಪತ್ತೊಂದನೇ ವಿಧಿ ಓದಿಲ್ಲೇನು?"

ಅವನು ಕಕ್ಕಾಬಿಕ್ಕಿಯಾಗಿ ಒಳಗೆ ಹೋಗಿ ಕೇಳಿ ಬಂದ. ಫಾರಂ ಅನ್ನು ಶಾಂಭವಿಯ ಕಡೆಗೇ ತಿರುಗಿಸಿದ. ಅವಳು ಪೆನ್ನು ಕೈಗೆತ್ತಿಕೊಂಡಳು.

"ಪೂರಾ ಹೆಸರು ಬರಿ," ಎಂದಳು ಅತ್ತೆ.

ಶಾಂಭವಿ ಈಗ ಗುಣವಾಗಿದ್ದಾಳೆ. ಗಂಡ ಲಕ್ಷ್ಮಿಕಾಂತ ಅವತ್ತು ಸಂಜೆ ತಾನೇ ಅನ್ನಕ್ಕಿಟ್ಟು, "ನಾನಽ ಮೊದ್ಲ ನಿನ್ನ ಕೇಳ್ಬೇಕಿತ್ತು," ಎಂದನಂತೆ.

ಅಕ್ಕ ತಂಗಿಯರೇ, ಮೆಡಿಕಲ್ ಶಾಪಿನ ಮಾತ್ರೆ ನುಂಗಿ ಜೀವಕ್ಕೆ ಕುತ್ತು ತಂದುಕೊಳ್ಳಬೇಡಿ. ತಡಮಾಡದೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಆಸ್ಪತ್ರೆಗೆ ಹೋಗಿ. ಅತ್ತೆಯಂದಿರೇ, ಜೊತೆಗೆ ನೀವೂ ಹೋಗಿ. ಇನ್ನು ಯಾರಾದರೂ ನಿಮ್ಮ ಮುಂದೆ "ಎಲ್ಲಾ ವಿಧಿ" ಎಂದರೆ, ಎಷ್ಟನೇ ವಿಧಿ ಎಂದು ಕೇಳಿ.